ಎಳೆಯೋ ತಾಕತ್ತು ಇದೆ, ದೂರ ಇಲ್ಲ: ಎಲೆಕ್ಟ್ರಿಕ್ ಪಿಕಪ್ ನಮ್ಮ ಲೋಡಿಗೆ ಆಗುತ್ತಾ?

ಎಲೆಕ್ಟ್ರಿಕ್ ಪಿಕಪ್ ಒಂದು ರೈಲನ್ನೇ ಎಳೆಯುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬೇಕು. ಅದು ಸುಳ್ಳಲ್ಲ. 2019ರ ಜುಲೈನಲ್ಲಿ ಅಮೆರಿಕದ ಫೋರ್ಡ್ ಕಂಪನಿ ತನ್ನ ಎಲೆಕ್ಟ್ರಿಕ್ ಎಫ್-150 ಪಿಕಪ್‌ನ ಮಾದರಿ ಗಾಡಿಗೆ ರೈಲು ಬೋಗಿಗಳನ್ನು ಕಟ್ಟಿ ಎಳೆಸಿತ್ತು. ತೂಕ 10 ಲಕ್ಷ ಪೌಂಡ್‌ಗೂ ಹೆಚ್ಚು, ಅಂದರೆ 450 ಟನ್ ಮೇಲೆ. ವಿಡಿಯೊ ನೋಡಿದ ನಮ್ಮೂರಿನ ಹುಡುಗರು, 'ಅಣ್ಣಾ, ರೈಲು ಎಳೆಯೋ ಗಾಡಿಗೆ ನಮ್ಮ ಟೊಮೆಟೊ ಯಾವ ಲೆಕ್ಕ?' ಅಂತ ಕೇಳುತ್ತಾರೆ. ಇಬ್ಬರು ಸಾಲಕ್ಕೆ ಅರ್ಜಿಯನ್ನೂ ಹಾಕಿಕೊಂಡಿದ್ದಾರೆ.

ಅವರಿಗೆ ನಾನು ಹೇಳಿದ್ದು ಒಂದೇ ಮಾತು. ಆ ಗಾಡಿ ರೈಲನ್ನು ಎಳೆದಿದ್ದು 1,000 ಅಡಿ ಮಾತ್ರ. ನಮ್ಮ ಹೊಲದಿಂದ ಮಾರ್ಕೆಟ್ಟು ಸಾವಿರ ಅಡಿ ದೂರದಲ್ಲಿಲ್ಲ.

ನಾನು ಎಲೆಕ್ಟ್ರಿಕ್ ಗಾಡಿಯ ವಿರೋಧಿ ಅಲ್ಲ. ಸರಿಯಾದ ಕೆಲಸಕ್ಕೆ ತಗೊಂಡರೆ ಅದು ದುಡ್ಡು ಉಳಿಸುತ್ತೆ, ತಪ್ಪು ಕೆಲಸಕ್ಕೆ ತಗೊಂಡರೆ ಕಂತು ಕಟ್ಟಿಸುತ್ತೆ ಅನ್ನೋದು ನನ್ನ ಅಭಿಪ್ರಾಯ. ಯಾವುದು ಸರಿ, ಯಾವುದು ತಪ್ಪು ಅಂತ ಲೆಕ್ಕ ಹಾಕಿ ನೋಡೋಣ.

ಬಲ ಬೇರೆ, ಬುತ್ತಿ ಬೇರೆ

ಎತ್ತಿಗೆ ಎಷ್ಟೇ ಬಲ ಇದ್ದರೂ ಮೇವು ಮುಗಿದರೆ ನಿಂತುಬಿಡುತ್ತೆ. ಇಲ್ಲೂ ಹಾಗೇ. ಎಲೆಕ್ಟ್ರಿಕ್ ಮೋಟರಿಗೆ ಬಲದ ಕೊರತೆ ಇಲ್ಲ. ಡೀಸೆಲ್ ಎಂಜಿನ್ ವೇಗ ಏರಿಸಿಕೊಂಡ ಮೇಲೆ ಪೂರ್ತಿ ಎಳೆತ ಕೊಟ್ಟರೆ, ಮೋಟರು ನಿಂತಲ್ಲಿಂದಲೇ ಕೊಡುತ್ತೆ. ಹೊಲದ ಬದು ದಾಟಿಸುವಾಗ, ಕೆಸರಿನಿಂದ ಎತ್ತುವಾಗ ಇದು ಚೆನ್ನಾಗಿ ಗೊತ್ತಾಗುತ್ತೆ.

ಕೊರತೆ ಇರೋದು ಬುತ್ತಿಯಲ್ಲಿ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇರುತ್ತೆ. ಎಂಜಿನ್ ಅದರಲ್ಲಿ ಮೂರನೇ ಎರಡು ಭಾಗವನ್ನು ಬಿಸಿ ಮಾಡಿ ಕಳೆದು, ಮೂರು ಯೂನಿಟ್ ಚಿಲ್ಲರೆ ಕೆಲಸಕ್ಕೆ ಕೊಡುತ್ತೆ. ಮೋಟರು ಹತ್ತರಲ್ಲಿ ಒಂಬತ್ತು ಪಾಲು ಕೆಲಸಕ್ಕೇ ಹಾಕುತ್ತೆ. ಆದರೂ 2022ರಲ್ಲಿ ಬಂದ ಟಾಟಾ ಏಸ್ ಇವಿಯ 21.3 ಯೂನಿಟ್ ಬ್ಯಾಟರಿ ಮಾಡುವ ಕೆಲಸ, ಡೀಸೆಲ್ ಲೆಕ್ಕದಲ್ಲಿ ಸುಮಾರು 6 ಲೀಟರಿನಷ್ಟು. ಅಂದರೆ 6 ಲೀಟರ್ ಟ್ಯಾಂಕಿನ ಗಾಡಿ ಅಂದುಕೊಳ್ಳಿ. ತುಂಬಿಸೋಕೆ ಐದು ನಿಮಿಷ ಸಾಕಾಗಲ್ಲ, ಮನೆಯ ಪ್ಲಗ್ಗಿನಲ್ಲಿ ಒಂದು ರಾತ್ರಿ ಬೇಕು.

ಅಮೆರಿಕದವರಿಗೂ ಇದು ಅನುಭವಕ್ಕೆ ಬಂದದ್ದು ಗಾಡಿ ಕೈಗೆ ಬಂದ ಮೇಲೆ. ಅದೇ ಎಫ್-150 ಲೈಟ್ನಿಂಗ್ ಮಾರಾಟಕ್ಕೆ ಬಂದಾಗ ದೊಡ್ಡ ಬ್ಯಾಟರಿ ಇದ್ದ ಗಾಡಿಗೆ 10,000 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಟನ್ ಎಳೆಯಬಹುದು ಅಂತ ಕಂಪನಿ ಹೇಳಿತ್ತು. ಎಳೆಯಿತು ಕೂಡ. 2022ರಲ್ಲಿ ಅಲ್ಲಿನ ಮೋಟರ್‌ಟ್ರೆಂಡ್ ಪತ್ರಿಕೆ ಟ್ರೇಲರ್ ಕಟ್ಟಿ ಪರೀಕ್ಷೆ ಮಾಡಿತು. ಖಾಲಿ ಓಡಿದರೆ 480 ಕಿ.ಮೀ. ಎಂದು ಲೆಕ್ಕವಿದ್ದ ಗಾಡಿ, 3,270 ಕೆ.ಜಿ. ಟ್ರೇಲರ್ ಕಟ್ಟಿದಾಗ 145 ಕಿ.ಮೀ.ಗೆ ಇಳಿಯಿತು. ಬರೀ 1,425 ಕೆ.ಜಿ. ಟ್ರೇಲರ್ ಕಟ್ಟಿದಾಗಲೂ ಸಿಕ್ಕಿದ್ದು 185 ಕಿ.ಮೀ. ಮಾತ್ರ.

ಇದರಲ್ಲಿ ಒಂದು ಪಾಠ ಇದೆ. ತೂಕ ಅರ್ಧಕ್ಕಿಂತ ಕಡಿಮೆ ಆದರೂ ದೂರ ದುಪ್ಪಟ್ಟಾಗಲಿಲ್ಲ. ಯಾಕೆ ಅಂದರೆ ಹೆದ್ದಾರಿ ವೇಗದಲ್ಲಿ ಬ್ಯಾಟರಿ ತಿನ್ನೋದು ತೂಕಕ್ಕಿಂತ ಹೆಚ್ಚಾಗಿ ಗಾಳಿ. ವೇಗ ಒಂದೂವರೆ ಪಟ್ಟಾದರೆ ಗಾಳಿಯ ತಡೆ ಎರಡು ಪಟ್ಟಿಗೂ ಹೆಚ್ಚಾಗುತ್ತೆ. ಕೊನೆಗೆ 2025ರ ಡಿಸೆಂಬರ್‌ನಲ್ಲಿ ಫೋರ್ಡ್ ಪೂರ್ತಿ ಎಲೆಕ್ಟ್ರಿಕ್ ಲೈಟ್ನಿಂಗ್ ನಿಲ್ಲಿಸುವುದಾಗಿ ಹೇಳಿತು. ಮುಂದಿನ ಗಾಡಿಯಲ್ಲಿ ಬ್ಯಾಟರಿ ಜೊತೆಗೆ ಕರೆಂಟು ತಯಾರಿಸುವ ಪೆಟ್ರೋಲ್ ಎಂಜಿನ್ನೂ ಇರುತ್ತಂತೆ.

ನಾನು ಕಲಿತ ದಿನ

ನಮ್ಮದು ಚಿಂತಾಮಣಿ ಕಡೆಯ ಹಳ್ಳಿ. ಕೋಲಾರದ ಎಪಿಎಂಸಿ 45 ಕಿ.ಮೀ. ಹಿಂದಿನ ವರ್ಷ ಪರಿಚಯದವರೊಬ್ಬರ ಎಲೆಕ್ಟ್ರಿಕ್ ಮಿನಿ ಟ್ರಕ್ ಬಾಡಿಗೆಗೆ ತಂದೆ. ಒಂದು ಚಾರ್ಜಿಗೆ 150 ಕಿ.ಮೀ. ಅಂತ ಹೇಳಿದ್ದರು. ಹೋಗಿ ಬರೋದು 90. 'ಆರಾಮಾಗಿ ಆಗುತ್ತೆ' ಅಂದುಕೊಂಡೆ.

ಎರಡು ತಪ್ಪು ಮಾಡಿದೆ. ಒಂದು, ಲೋಡು. ಕೋಲಾರದಲ್ಲಿ ಟೊಮೆಟೊ ಬಾಕ್ಸು 15 ಕೆ.ಜಿ. ಲೆಕ್ಕ. ಬಾಕ್ಸಿನ ತೂಕವೂ ಸೇರಿದರೆ 600 ಕೆ.ಜಿ. ಮಿತಿಯ ಗಾಡಿಗೆ 35 ಬಾಕ್ಸು. ನಾನು 55 ಹೇರಿಸಿದೆ. ಎರಡು, ಕರೆಂಟು. ರಾತ್ರಿ ಚಾರ್ಜಿಗೆ ಹಾಕಿ ಮಲಗಿದೆ. ಹನ್ನೊಂದಕ್ಕೆ ಹೋದ ಕರೆಂಟು ಬಂದಿದ್ದು ನಾಲ್ಕಕ್ಕೆ. ಎದ್ದು ನೋಡಿದರೆ 60 ಪರ್ಸೆಂಟ್. ಹರಾಜು ತಪ್ಪಬಾರದು ಅಂತ ಹೊರಟೆ.

ಗಾಡಿ ನಿಲ್ಲಲಿಲ್ಲ, ಅದು ನಿಜ. ಏರಿನಲ್ಲೂ ತಡವರಿಸಲಿಲ್ಲ. ಆದರೆ ಕೋಲಾರ ತಲುಪಿದಾಗ ಉಳಿದಿದ್ದು 15 ಪರ್ಸೆಂಟ್. ಬಾಕ್ಸು ಇಳಿಸಿ, ಪರಿಚಯದವರ ಅಂಗಡಿ ಹಿಂದೆ 15 ಆ್ಯಂಪ್ ಪ್ಲಗ್ಗಿಗೆ ಸಿಕ್ಕಿಸಿ ನಾಲ್ಕು ಗಂಟೆ ಕೂತೆ. ಅಷ್ಟು ಹೊತ್ತಿಗೆ ಹೊಲದಲ್ಲಿ ಎರಡನೇ ಟ್ರಿಪ್ಪಿಗೆ ಕಿತ್ತಿಟ್ಟ 50 ಬಾಕ್ಸು ಬಿಸಿಲಿಗೆ ಮೆತ್ತಗಾಗುತ್ತಿತ್ತು. ಮಾರನೇ ದಿನ ಅದೇ ಮಾಲಿಗೆ ಬಾಕ್ಸಿಗೆ 60 ರೂಪಾಯಿ ಕಡಿಮೆ ಸಿಕ್ಕಿತು. 3,000 ರೂಪಾಯಿ ನಷ್ಟ. ಡೀಸೆಲ್‌ನಲ್ಲಿ ಉಳಿಸಿದ್ದು 200 ರೂಪಾಯಿಯೂ ಇಲ್ಲ.

ತಪ್ಪು ಗಾಡಿಯದಲ್ಲ, ನನ್ನದು. ಆದರೆ ಡೀಸೆಲ್ ಗಾಡಿಯಲ್ಲಿ ಇದೇ ತಪ್ಪು ಮಾಡಿದ್ದರೆ ಬಂಕಿನಲ್ಲಿ ಐದು ನಿಮಿಷಕ್ಕೆ ಸರಿಹೋಗುತ್ತಿತ್ತು. ಎಲೆಕ್ಟ್ರಿಕ್ ಗಾಡಿ ಅಷ್ಟು ಸುಲಭವಾಗಿ ಕ್ಷಮಿಸಲ್ಲ.

ಎಲ್ಲಿ ಆಗುತ್ತೆ, ಎಲ್ಲಿ ಆಗಲ್ಲ

ಹೊರುವುದು ಬೇರೆ, ಎಳೆಯುವುದು ಬೇರೆ. ಒಂದು ಟನ್ ಒಳಗಿನ ಲೋಡನ್ನು ಬೆನ್ನ ಮೇಲೆ ಹೊತ್ತು, ದಿನಾ ಅದೇ ದಾರಿಯಲ್ಲಿ 60-80 ಕಿ.ಮೀ. ಓಡುವ ಕೆಲಸಕ್ಕೆ ಈಗಿನ ಗಾಡಿಗಳು ಆಗುತ್ತವೆ. ಹಾಲು, ಸೊಪ್ಪು, ಹೂವು, ಮೊಟ್ಟೆ, ಪಶು ಆಹಾರ, ಹತ್ತಿರದ ಮಾರ್ಕೆಟ್ಟಿಗೆ ತರಕಾರಿ, ಇವೆಲ್ಲ ಸರಿ. ಏಸ್ ಇವಿಯಲ್ಲಿ ಒಂದು ಟನ್ನಿನ ಮಾದರಿ 2024ರಲ್ಲಿ ಬಂತು. ಅದೇ ವರ್ಷ ಮಹೀಂದ್ರದವರ ಜಿಯೊ ಕೂಡ ಬಂತು.

ಘಾಟಿ ಇದ್ದರೆ ಒಂದು ಲೆಕ್ಕ ನೆನಪಿಡಿ. ಗಾಡಿ, ಲೋಡು ಸೇರಿ 1,800 ಕೆ.ಜಿ. ಇದ್ದರೆ, 100 ಮೀಟರ್ ಎತ್ತರ ಏರೋಕೆ ಅರ್ಧ ಯೂನಿಟ್ ಹೆಚ್ಚುವರಿ ಬೇಕು. 500 ಮೀಟರ್ ಏರಿದರೆ ಎರಡೂವರೆ ಯೂನಿಟ್, ಅಂದರೆ 21 ಯೂನಿಟ್ ಬ್ಯಾಟರಿಯ ಎಂಟನೇ ಒಂದು ಪಾಲು. ಇಳಿಯುವಾಗ ಬ್ರೇಕಿನಿಂದ ಸ್ವಲ್ಪ ವಾಪಸ್ ಬರುತ್ತೆ, ಪೂರ್ತಿ ಬರಲ್ಲ. ಹಾಗಾಗಿ ಲೋಡು ಹೊತ್ತು ಇಳಿದು, ಖಾಲಿ ಏರುವ ಮಲೆನಾಡಿನವರಿಗೆ ಲಾಭ. ಲೋಡು ಹೊತ್ತು ಏರುವವರಿಗೆ ಕಷ್ಟ.

ಇನ್ನು ಟ್ರೇಲರ್ ಎಳೆಯೋದು. ಕಬ್ಬಿನ ಮಾತನ್ನೇ ತಗೊಳ್ಳಿ. ಮಂಡ್ಯದಲ್ಲಾಗಲಿ, ಬೆಳಗಾವಿಯಲ್ಲಾಗಲಿ ಒಂದು ಟ್ರಾಕ್ಟರ್ ಹಿಂದೆ ಎರಡು ಟ್ರೇಲರ್ ಕಟ್ಟಿ 15-20 ಟನ್ ಸಾಗಿಸುವುದನ್ನು ದಿನಾ ನೋಡುತ್ತೇವೆ. ಅಷ್ಟು ತೂಕಕ್ಕೆ ನಮ್ಮ ರಸ್ತೆಯಲ್ಲಿ ಚಕ್ರ ಉರುಳಿಸೋಕೇ ಕಿ.ಮೀ.ಗೆ ಒಂದು ಯೂನಿಟ್‌ಗಿಂತ ಹೆಚ್ಚು ಬೇಕು. 2020ರ ಕೊನೆಯಲ್ಲಿ ಬಂದ ಸೋನಾಲಿಕಾ ಟೈಗರ್ ಎಲೆಕ್ಟ್ರಿಕ್ ಟ್ರಾಕ್ಟರಿನ ಬ್ಯಾಟರಿ 25.5 ಯೂನಿಟ್. ಫ್ಯಾಕ್ಟರಿ 30 ಕಿ.ಮೀ. ಇದ್ದರೆ ಒಂದು ದಿಕ್ಕಿಗೂ ಸಾಲದು. ದುರ್ಗಾಪುರದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಂಇಆರ್‌ಐ 2023ರಲ್ಲಿ ತೋರಿಸಿದ ಪ್ರೈಮಾ ಇಟಿ-11 ಟ್ರಾಕ್ಟರ್ ಎಳೆಯೋದು 1.8 ಟನ್ನಿನ ಟ್ರಾಲಿ, ವೇಗ 25 ಕಿ.ಮೀ. ಗೊಬ್ಬರ ಸಾಗಿಸೋಕೆ, ತೋಟದ ಕೆಲಸಕ್ಕೆ ಚೆಂದ. ಕಬ್ಬಿಗೆ ಅಲ್ಲ.

ಪಿಕಪ್ಪಿಗೆ ಹುಕ್ಕು ವೆಲ್ಡ್ ಮಾಡಿಸಿ ಟ್ರಾಲಿ ಕಟ್ಟೋಣ ಅನ್ನುವವರಿಗೂ ಒಂದು ಮಾತು. ಗಾಡಿಯ ಕೈಪಿಡಿಯಲ್ಲಿ ಎಳೆಯುವ ತೂಕ ಎಷ್ಟು ಅಂತ ಬರೆದಿಲ್ಲ ಅಂದರೆ ಕಟ್ಟಲೇಬೇಡಿ. ಬ್ರೇಕು ಅದಕ್ಕೆ ಮಾಡಿದ್ದಲ್ಲ. ವಾರಂಟಿ ಹೋದರೆ ಬ್ಯಾಟರಿಯ ಖರ್ಚು ನಿಮ್ಮ ತಲೆ ಮೇಲೆ.

ದುಡ್ಡಿನ ಲೆಕ್ಕ: ಕಿಲೋಮೀಟರೇ ಎಲ್ಲ

2025ರ ಜೂನ್‌ನಲ್ಲಿ ಏಸ್ ಪ್ರೊ ಬಂದಾಗ ಪೆಟ್ರೋಲ್ ಮಾದರಿ 3.99 ಲಕ್ಷದಿಂದ, ಎಲೆಕ್ಟ್ರಿಕ್ 6.50 ಲಕ್ಷದಿಂದ ಶುರು. ವ್ಯತ್ಯಾಸ ಎರಡೂವರೆ ಲಕ್ಷ. ಪೆಟ್ರೋಲಿಗೆ ಕಿ.ಮೀ.ಗೆ ಐದು ರೂಪಾಯಿ ಆಗುತ್ತೆ ಅಂತಿಟ್ಟುಕೊಳ್ಳಿ. ಕರೆಂಟು ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಕಿ.ಮೀ.ಗೆ ಒಂದೂವರೆ ರೂಪಾಯಿ. ಉಳಿತಾಯ ಮೂರೂವರೆ. ಎರಡೂವರೆ ಲಕ್ಷ ವಾಪಸ್ ಬರೋಕೆ ಸುಮಾರು 72,000 ಕಿ.ಮೀ. ಓಡಬೇಕು.

ದಿನಕ್ಕೆ 60 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಓಡಿಸುವ ಹಾಲಿನವನಿಗೆ ಇದು ನಾಲ್ಕು ವರ್ಷ. ಸೀಸನ್‌ನಲ್ಲಿ ಮಾತ್ರ, ವರ್ಷಕ್ಕೆ 100 ದಿನ, ದಿನಕ್ಕೆ 40 ಕಿ.ಮೀ. ಓಡಿಸುವ ನನ್ನಂಥವನಿಗೆ 18 ವರ್ಷ! ಅಷ್ಟು ವರ್ಷ ಬ್ಯಾಟರಿ ಬಾಳುತ್ತೆ ಅಂತ ಯಾರೂ ಬರೆದುಕೊಡಲ್ಲ. ಹೆಚ್ಚಿನ ಬಡ್ಡಿ ಇದಕ್ಕೆ ಸೇರಿಸಿಲ್ಲ, ಸರ್ವೀಸ್ ಖರ್ಚಿನ ಉಳಿತಾಯವನ್ನೂ ಸೇರಿಸಿಲ್ಲ. ಸಬ್ಸಿಡಿ ಬರುತ್ತೆ ಅಂತ ಏಜೆಂಟ್ ಹೇಳಿದರೆ ಕಾಗದ ಕೇಳಿ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯ ಟ್ರಕ್ ಸಬ್ಸಿಡಿ ಮೂರೂವರೆ ಟನ್‌ಗಿಂತ ದೊಡ್ಡ ಗಾಡಿಗಳಿಗೆ, ನಮ್ಮ ಪುಟ್ಟ ಪಿಕಪ್ಪಿಗಲ್ಲ.

ಕರೆಂಟಿನ ವಿಷಯದಲ್ಲೂ ಹುಷಾರು. ಪಂಪ್‌ಸೆಟ್ಟಿನ ಉಚಿತ ಲೈನಿಂದ ಗಾಡಿ ಚಾರ್ಜ್ ಮಾಡೋದು ಕಾನೂನುಬಾಹಿರ, ಸಿಕ್ಕಿಬಿದ್ದರೆ ದಂಡ. ಮನೆ ಮೀಟರಿಂದ ಮಾಡಿದರೆ ಗೃಹಜ್ಯೋತಿ ಕೈತಪ್ಪುತ್ತೆ. ಒಂದು ಫುಲ್ ಚಾರ್ಜಿಗೆ 24 ಯೂನಿಟ್ ಹಿಡಿದರೆ, ಬರೀ ಒಂಬತ್ತು ಚಾರ್ಜಿಗೆ 200 ಯೂನಿಟ್ ದಾಟುತ್ತೆ. ದಾಟಿದರೆ ಆ ತಿಂಗಳು ಮನೆಯ ಪೂರ್ತಿ ಬಿಲ್ಲು ಕಟ್ಟಬೇಕು. ವಾಹನ ಚಾರ್ಜಿಂಗಿಗೆ ಬೇರೆ ದರದ ಮೀಟರ್ ಸಿಗುತ್ತೆ. ಗಾಡಿ ಬುಕ್ ಮಾಡುವ ಮೊದಲೇ ನಿಮ್ಮ ಸೆಕ್ಷನ್ ಆಫೀಸಿನಲ್ಲಿ ಕೇಳಿ.

ತಗೊಳ್ಳೋ ಮೊದಲು

ಸಹಿ ಹಾಕುವ ಮುಂಚೆ ನಾಲ್ಕು ಕೆಲಸ ಮಾಡಿ.

1. ಒಂದು ತಿಂಗಳು ನಿಮ್ಮ ಈಗಿನ ಗಾಡಿಯ ಕಿಲೋಮೀಟರ್, ಲೋಡು ಎರಡನ್ನೂ ಮೊಬೈಲಿನಲ್ಲಿ ಬರೆದಿಡಿ. ಬಾಡಿಗೆ ಗಾಡಿ ಆದರೂ ಸರಿ.

2. ಕಂಪನಿ ಹೇಳುವ ದೂರದಲ್ಲಿ ಮೂರನೇ ಒಂದು ಭಾಗ ಕಳೆಯಿರಿ. ಉಳಿದಿದ್ದರಲ್ಲಿ ಹೋಗಿ ಬರೋದು ಆಗದಿದ್ದರೆ ಬೇಡ.

3. ಟೆಸ್ಟ್ ಡ್ರೈವ್ ಶೋರೂಮಿನ ಮುಂದೆ ಖಾಲಿ ಗಾಡಿಯಲ್ಲಿ ಬೇಡ. ನಿಮ್ಮ ಮಾಲು ಹೇರಿ, ನಿಮ್ಮ ಮಾರ್ಕೆಟ್ಟಿನ ದಾರಿಯಲ್ಲಿ ಕೊಡಿ ಅಂತ ಪಟ್ಟು ಹಿಡಿಯಿರಿ.

4. ಹದಿನೈದು ದಿನ ರಾತ್ರಿ ಎಷ್ಟು ಹೊತ್ತು ಕರೆಂಟು ಇರುತ್ತೆ ಅಂತ ಗಮನಿಸಿ.

ಈಗಾಗಲೇ ತಗೊಂಡಿದ್ದರೆ ಬಾಕ್ಸುಗಳನ್ನು ಕ್ಯಾಬಿನ್ ಎತ್ತರ ಮೀರದಂತೆ ಜೋಡಿಸಿ, ಟಾರ್ಪಾಲ್ ಬಿಗಿಯಾಗಿ ಕಟ್ಟಿ, 40-45ರ ವೇಗದಲ್ಲಿ ಹೋಗಿ. ಟೈರಿನ ಗಾಳಿ ವಾರಕ್ಕೊಮ್ಮೆ ನೋಡಿ. ಇದರಿಂದ ಒಂದು ಪೈಸೆ ಖರ್ಚಿಲ್ಲದೆ ದೂರ ಹೆಚ್ಚುತ್ತೆ.

ಸಾಲಕ್ಕೆ ಅರ್ಜಿ ಹಾಕಿದ್ದ ಇಬ್ಬರು ಹುಡುಗರು ಈ ಲೆಕ್ಕ ನೋಡಿದರು. ಒಬ್ಬನಿಗೆ ದಿನಾ ಎರಡು ಹೊತ್ತು ಡೇರಿ ಹಾಲಿನ ಟ್ರಿಪ್ಪು ಇದೆ, ಅವನು ತಗೊಳ್ಳುತ್ತಿದ್ದಾನೆ. ನಾನೂ ತಗೋ ಅಂದೆ. ಇನ್ನೊಬ್ಬ ಸೀಸನ್ನಿಗೆ ಟೊಮೆಟೊ, ಆಮೇಲೆ ಟ್ರಾಲಿ ಕಟ್ಟಿ ಇಟ್ಟಿಗೆ ಹೊಡೆಯೋ ಲೆಕ್ಕದಲ್ಲಿದ್ದ. ಅವನಿಗೆ ಬೇಡ ಅಂದೆ. ಸದ್ಯಕ್ಕೆ ಅರ್ಜಿ ವಾಪಸ್ ತಗೊಂಡಿದ್ದಾನೆ. ಸೀಸನ್ನಿನಲ್ಲಿ ಮೊದಲನೆಯವನ ಗಾಡಿಗೆ ಮಧ್ಯಾಹ್ನದ ಹೊತ್ತು ಬಾಡಿಗೆ ಕೊಡುತ್ತಾನಂತೆ. ಅವನಿಗೆ ಕಂತಿಲ್ಲ, ಇವನಿಗೆ ಕಿಲೋಮೀಟರ್ ಜಾಸ್ತಿ. ನಿಮ್ಮೂರಲ್ಲೂ ಇಬ್ಬರು ಮೂವರು ಸೇರಿ ಹೀಗೆ ಲೆಕ್ಕ ಹಾಕಿ ನೋಡಿ.