ದಂಡೆಯ ಯೋಜನೆ ಬೆಟ್ಟದಿಂದ ಶುರುವಾಗಲಿ

ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದಾಗ ಇಡೀ ರಾಜ್ಯ ಹೆಮ್ಮೆಪಟ್ಟಿತು. ಆ ಮನ್ನಣೆ ಬರೀ ಬೆಂಚು, ದೀಪ, ಸ್ವಾಗತ ಕಮಾನುಗಳಿಗೆ ಸಿಗುವಂಥದ್ದಲ್ಲ. ನೀರು ಸ್ನಾನಕ್ಕೆ ಯೋಗ್ಯವಾಗಿರಬೇಕು, ಪರೀಕ್ಷೆಯ ಫಲಿತಾಂಶ ಬಂದವರ ಕಣ್ಣಿಗೆ ಬೀಳುವಂತೆ ಫಲಕದಲ್ಲಿರಬೇಕು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ ತೀರದ ನಿರ್ವಹಣಾ ಯೋಜನೆಯ ಕರಡನ್ನು ಜನರ ಮುಂದಿಟ್ಟು ಆಕ್ಷೇಪಣೆ ಕೇಳಲೇಬೇಕು. ಅದು ಎಷ್ಟೋ ಸಲ ಕಾಟಾಚಾರಕ್ಕೆ ನಡೆಯುತ್ತದೆ ಎಂಬುದು ನಿಜ. ಆದರೂ ಮೀನುಗಾರರ ಕೈಯಲ್ಲಿ ಕೇಳುವ ಹಕ್ಕೊಂದು ಉಳಿದಿದೆ. ಒಳನಾಡಿನ ನಮಗೆ ಕೆರೆಯೇ ಕಡಲು. ತುಮಕೂರಿನ ಅಮಾನಿಕೆರೆಯ ದಂಡೆಯಲ್ಲಿ ಏನು ಕಟ್ಟಬೇಕು, ಯಾರಿಗೆ ಜಾಗ ಬಿಡಬೇಕು ಎಂದು ತೀರ್ಮಾನಿಸುವಾಗ ಸುತ್ತಲಿನ ಬಡಾವಣೆಯವರನ್ನು ಹೀಗೆ ಕೇಳಲೇಬೇಕೆನ್ನುವ ವಿಧಿ ಯಾವುದೂ ಇಲ್ಲ.

ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಕೆಲಸದ ಹೊಣೆ ಹೊತ್ತದ್ದು ಜನರು ಆರಿಸಿದ ಪಾಲಿಕೆ ಸಭೆಯಲ್ಲ, ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಪ್ರತ್ಯೇಕ ಸಂಸ್ಥೆ. ಅಮಾನಿಕೆರೆಯ ದಂಡೆಗೆ ನಡಿಗೆ ಹಾದಿ ಬಂತು, ಉದ್ಯಾನ ಬಂತು. ಸಂಜೆ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳಿಗೆ ಅದರಿಂದ ಆದ ಉಪಕಾರ ಸಣ್ಣದಲ್ಲ, ಅದನ್ನು ಅಲ್ಲಗಳೆಯಬಾರದು. ಆದರೆ 2025ರ ಮಾರ್ಚ್‌ಗೆ ಸ್ಮಾರ್ಟ್ ಸಿಟಿ ಅಭಿಯಾನ ಮುಗಿದಿದೆ, ಕೆರೆ ಉಳಿದಿದೆ. ಇನ್ನು ಮುಂದೆ ಅದನ್ನು ನೋಡಿಕೊಳ್ಳುವವರು ಯಾರು, ಯಾವ ದುಡ್ಡಿನಿಂದ, ಯಾರ ಮಾತು ಕೇಳಿ? ಈ ಪ್ರಶ್ನೆಗೆ ಉತ್ತರ ಹುಡುಕುವ ಹೊತ್ತು ಇದು. ಮುಂದಿನ ಯೋಜನೆಯನ್ನು ದಂಡೆಯಿಂದ ಶುರುಮಾಡಬಾರದು, ದೇವರಾಯನದುರ್ಗದ ಬೆಟ್ಟದಿಂದ ಶುರುಮಾಡಬೇಕು. ಅದನ್ನು ಅಲ್ಲಿಂದ ಇಳಿಯುವ ನೀರಿನ ದಾರಿಯುದ್ದಕ್ಕೂ ಇರುವ ಜನರೇ, ಅಂದಾಜುಪಟ್ಟಿ ತಯಾರಾಗುವ ಮೊದಲೇ, ಕೂತು ಬರೆಯಬೇಕು. ನನ್ನ ವಾದ ಇಷ್ಟೇ.

ಬೆಟ್ಟದ ಮಾತು ಇಲ್ಲೇಕೆ ಬಂತೆಂದರೆ, ದೇವರಾಯನದುರ್ಗ ಯೋಗನರಸಿಂಹ, ಭೋಗನರಸಿಂಹರ ಕ್ಷೇತ್ರವಷ್ಟೇ ಅಲ್ಲ, ಜಯಮಂಗಲಿ ಮತ್ತು ಶಿಂಷಾ ನದಿಗಳ ತವರು ಕೂಡ. ಜಯಮಂಗಲಿ ಉತ್ತರಕ್ಕೆ ಹರಿದು ಪೆನ್ನಾರ್ ಸೇರುತ್ತದೆ. ಶಿಂಷಾ ಗುಬ್ಬಿಯ ಕಡೆ ತಿರುಗಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿ, ಕಾವೇರಿಗೆ ಹೋಗುತ್ತದೆ. ತುಮಕೂರು ನಗರ ಕೂತಿರುವುದು ಈ ಶಿಂಷಾ ಕೊಳ್ಳದಲ್ಲಿ. ಅಮಾನಿಕೆರೆಯ ಕೋಡಿ ಬಿದ್ದರೆ ನೀರು ಹೋಗುವುದೂ ಕೆಳಗಿನ ಕೆರೆಗಳಿಗೆ. ಊರಿನ ಕೊಳಚೆ ಸಂಸ್ಕರಿಸುವ ಘಟಕ ಇರುವ ಭೀಮಸಂದ್ರವೂ ಇದೇ ದಾರಿಯಲ್ಲಿದೆ. ಮೇಲೆ ಕಾಡಿನ ಅಂಚಿನಲ್ಲಿ ರೆಸಾರ್ಟಿಗೆ ಮಣ್ಣು ಅಗೆದರೆ ಅದು ಕೆಳಗಿನ ಕೆರೆಯಂಗಳದಲ್ಲಿ ಹೂಳಾಗಿ ಕೂರುತ್ತದೆ. ಊರೊಳಗೆ ರಾಜಕಾಲುವೆ ಒತ್ತುವರಿಯಾದರೆ ಮಳೆಗಾಲದಲ್ಲಿ ತಗ್ಗಿನ ಬಡಾವಣೆಯ ಮನೆಗಳಿಗೆ ನೀರು ನುಗ್ಗುತ್ತದೆ. ನಗರ ತನ್ನ ಕೊಳಚೆಯನ್ನು ಸರಿಯಾಗಿ ಶುದ್ಧಮಾಡದೆ ಬಿಟ್ಟರೆ ಅದನ್ನು ಉಣ್ಣಬೇಕಾದವರು ಕೆಳಗಿನ ಅಚ್ಚುಕಟ್ಟಿನ ರೈತರು. ಒಂದು ಕೆರೆಯ ಸುತ್ತ ಬೇಲಿ ಹಾಕಿ, ಅದರೊಳಗೆ ಮಾತ್ರ ಅಭಿವೃದ್ಧಿ ಮಾಡುತ್ತೇವೆ ಎನ್ನುವ ಯೋಜನೆ ಇವುಗಳಲ್ಲಿ ಯಾವುದನ್ನೂ ಮುಟ್ಟುವುದಿಲ್ಲ.

ಜನ ಸೇರಿ ಯೋಜಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಹಾಳುಬಿದ್ದಿತ್ತು. 2009ರ ಸುಮಾರಿಗೆ ಸುತ್ತಲಿನ ನಿವಾಸಿಗಳು ಪಾಲಿಕೆಯ ಎಂಜಿನಿಯರುಗಳ ಜೊತೆ ಕೂತು ನಕ್ಷೆಯ ಮೇಲೆ ಚರ್ಚಿಸಿದರು. ವಾಯುವಿಹಾರಕ್ಕೆ ಹಾದಿಯ ಜೊತೆಗೆ ದನಕ್ಕೆ ಹುಲ್ಲು ಕೊಯ್ಯುವವರು ಹೊರಗುಳಿಯದಂತೆ, ಗಣಪತಿ ಬಿಡಲು ಬೇರೆ ಕಲ್ಯಾಣಿ ಇರುವಂತೆ, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಉಪಯೋಗವಾಗುವಂತೆ ನೋಡಿಕೊಂಡರು. ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ಕೊಳಚೆ ನೀರು ಜೊಂಡು ಬೆಳೆದ ತೇವಭೂಮಿಯಲ್ಲಿ ಹಾದು ಮತ್ತಷ್ಟು ತಿಳಿಯಾಗಿ ಕೆರೆಗೆ ಇಳಿಯುತ್ತದೆ, ಮೀನುಗಾರಿಕೆಯೂ ನಡೆಯುತ್ತದೆ. ಪುಟ್ಟೇನಹಳ್ಳಿ ಕೆರೆಯನ್ನು ನಿವಾಸಿಗಳ ಟ್ರಸ್ಟೊಂದು 2011ರಿಂದ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ನೋಡಿಕೊಂಡಿತು. ಸಾಮುದಾಯಿಕ ಆಸ್ತಿಯನ್ನು ಬಳಸುವವರೇ ಕಾಯಬಲ್ಲರು ಎಂದು ತೋರಿಸಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಅವರು ಹರಿಣಿ ನಾಗೇಂದ್ರ ಅವರೊಂದಿಗೆ ಬೆಂಗಳೂರಿನ ಕೆರೆಗಳನ್ನೇ ಅಧ್ಯಯನ ಮಾಡಿದ್ದರು. ಹಳೇ ಮೈಸೂರು ಸೀಮೆಯ ನಮಗೆ ಇದರಲ್ಲಿ ಹೊಸದೇನಿಲ್ಲ. ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚುತ್ತಿದ್ದ ನೀರುಗಂಟಿ, ಊರವರೇ ಸೇರಿ ಹೂಳೆತ್ತುವ ಪದ್ಧತಿ, ಇವೆಲ್ಲ ನಮ್ಮ ತಾತಂದಿರ ಕಾಲದವರೆಗೂ ಇದ್ದವು.

ಹೀಗೆ ಜನರನ್ನು ಕೇಳುತ್ತಾ ಕೂತರೆ ಕೆಲಸ ಮುಂದೆ ಹೋಗುವುದಿಲ್ಲ, ಅನುದಾನ ವಾಪಸು ಹೋಗುತ್ತದೆ ಎನ್ನುವವರಿದ್ದಾರೆ. ಇದು ಅಧಿಕಾರಿಗಳ ನಿಜವಾದ ಕಷ್ಟ. ಆದರೆ ಕೇಳದೆ ಹೊರಟ ಯೋಜನೆಗಳೂ ನಿಂತಿವೆ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2025ರಲ್ಲಿ ಗುಬ್ಬಿ ಕಡೆಯ ರೈತರು ಬೀದಿಗಿಳಿದದ್ದನ್ನು ಜಿಲ್ಲೆ ಕಂಡಿದೆ. ಆ ಕಾಲುವೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಸಭೆಯಲ್ಲಿ ಹೇಳಿಕೊಳ್ಳಲು ಸಿಗದ ಮಾತು ಕಾಮಗಾರಿಯ ಜಾಗದಲ್ಲಿ ಹೊರಬರುತ್ತದೆ, ಆಗ ಆಗುವ ವಿಳಂಬವೇ ಹೆಚ್ಚು ದುಬಾರಿ. ಇನ್ನು ಜನಸಾಮಾನ್ಯರಿಗೆ ಜಲವಿಜ್ಞಾನ ಏನು ಗೊತ್ತು ಎನ್ನುವ ಆಕ್ಷೇಪ. ಲೆಕ್ಕ ಹಾಕುವುದು ಎಂಜಿನಿಯರರ ಕೆಲಸ, ಸರಿ. ಯಾವ ಮೋರಿ ಯಾವ ಮಳೆಗೆ ಉಕ್ಕುತ್ತದೆ, ಯಾವ ಕಾಲುವೆಯ ಮೇಲೆ ಯಾವ ಕಟ್ಟಡ ಎದ್ದಿದೆ ಎಂಬುದು ಅಲ್ಲಿ ಬದುಕುವವರಿಗೇ ಗೊತ್ತು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಮತ್ತೊಂದಿದೆ. ಕೆರೆ ಸಮಿತಿಗಳು ಹೆಚ್ಚಾಗಿ ಬಿಡುವಿರುವವರ, ಇಂಗ್ಲಿಷ್ ಬಲ್ಲವರ, ಬೆಳಗಿನ ವಾಕಿಂಗ್‌ನವರ ಕೈಗೆ ಹೋಗುತ್ತವೆ. ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಎಮ್ಮೆ ಮೈತೊಳೆಯುವವರು, ದಂಡೆಯಲ್ಲಿ ಕಡಲೆಕಾಯಿ ಮಾರುವವರು ಸಭೆಗೆ ಬರುವುದಿಲ್ಲ, ಬಂದರೂ ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಕೆರೆ ಚೆಂದವಾದ ಮೇಲೆ ಗೇಟಿನ ಹೊರಗೆ ಉಳಿಯುವವರೂ ಅವರೇ. ಈ ಅಪಾಯ ನಿಜ. ಹಾಗೆಂದು ಎಲ್ಲವನ್ನೂ ಕಂಪನಿಯೊಂದಕ್ಕೆ ಒಪ್ಪಿಸಿಬಿಟ್ಟರೆ ಇದು ತಪ್ಪುವುದಿಲ್ಲ. ದುಡಿಯುವವರಿಗೆ ಸಮಿತಿಯಲ್ಲಿ ಕಡ್ಡಾಯ ಸ್ಥಾನ, ಕೂಲಿ ತಪ್ಪದ ಹೊತ್ತಿನಲ್ಲಿ ಸಭೆ, ಅವರ ಬೀದಿಯಲ್ಲೇ ಸಭೆ, ಇವೆಲ್ಲ ನಿಯಮದಲ್ಲೇ ಇರಬೇಕು. ವಿಶ್ವಬ್ಯಾಂಕ್ ನೆರವಿನ ಜಲಸಂವರ್ಧನೆ ಯೋಜನೆ 2002ರಿಂದ ನಮ್ಮ ಜಿಲ್ಲೆಯಲ್ಲೂ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಯೋಜನೆ ಮುಗಿದ ಮೇಲೆ ಸಂಘಗಳು ಬಡವಾದವು, ಕಾರಣ ಅವಕ್ಕೆ ನಿರಂತರ ಆದಾಯವೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಮೀನು ಹರಾಜಿನ ಮತ್ತು ದೋಣಿವಿಹಾರದ ಆದಾಯದ ಒಂದು ಪಾಲು ಸಮಿತಿಯ ಖಾತೆಗೆ ನೇರ ಬರುವಂತಾದರೆ ಕಥೆ ಬೇರೆಯಾದೀತು.

ಇಂಥ ಸಮಿತಿಗಳಿಗೆ ಕಾನೂನಿನ ಅಡಿಪಾಯ ಆಗಲೇ ಇದೆ. ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿದೆ. 2011ರ ಜನಗಣತಿಯ ಹೊತ್ತಿಗೇ ತುಮಕೂರು ಸುಮಾರು ಆ ಗಾತ್ರಕ್ಕೆ ಬೆಳೆದಿತ್ತು. 2014ರ ಕೆರೆ ಸಂರಕ್ಷಣಾ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್‌ ಒಳಗೆ ಕಟ್ಟಡಕ್ಕೆ ತಡೆ ಹಾಕಿತ್ತು. ಆದರೆ 2025ರಲ್ಲಿ ಸರ್ಕಾರ ತಂದ ತಿದ್ದುಪಡಿ ಮಸೂದೆ, ಕೆರೆಯ ವಿಸ್ತಾರ ಚಿಕ್ಕದಾದಷ್ಟೂ ಆ ಅಂತರವನ್ನು ಕಡಿಮೆ ಮಾಡುತ್ತದೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ನೂರಾರು ಸಣ್ಣ ಕೆರೆ ಕಟ್ಟೆಗಳಿಗೆ ಇದರಿಂದ ಆಗುವ ಹಾನಿ ದೊಡ್ಡದು. ಅಮಾನಿಕೆರೆಯಂಥ ದೊಡ್ಡ ಕೆರೆ ತುಂಬುವುದೇ ಸಣ್ಣವು ತುಂಬಿ ಕೋಡಿ ಬಿದ್ದಾಗ. ಜನರಿಗೆ ಈ ಸಂಬಂಧ ಗೊತ್ತಿದ್ದರೆ ಇಂಥ ತಿದ್ದುಪಡಿಯನ್ನು ಅವರು ಸುಮ್ಮನೆ ಒಪ್ಪುವುದಿಲ್ಲ.

ಮುಂದಿನ ಮುಂಗಾರಿನೊಳಗೆ ಜಿಲ್ಲಾಡಳಿತ ಮಾಡಬಹುದಾದ ಕೆಲಸವಿದೆ. ಕಂದಾಯ ಇಲಾಖೆಯ ಗ್ರಾಮನಕ್ಷೆ ಹಿಡಿದು, ಬೆಟ್ಟದ ಬುಡದಿಂದ ಭೀಮಸಂದ್ರದವರೆಗೆ ಪ್ರತಿ ಕಾಲುವೆಯನ್ನೂ ಆಯಾ ಗ್ರಾಮ ಪಂಚಾಯಿತಿ, ವಾರ್ಡಿನವರ ಜೊತೆ ನಡೆದು ಗುರುತಿಸಬೇಕು. ಒತ್ತುವರಿಯ ಪಟ್ಟಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಬೇಕು. ಪಡುಬಿದ್ರಿಯಲ್ಲಿ ಸಾಧ್ಯವಾದ ನೀರಿನ ಗುಣಮಟ್ಟದ ಫಲಕ ಅಮಾನಿಕೆರೆಯ ದ್ವಾರದಲ್ಲೂ, ಭೀಮಸಂದ್ರದ ಏರಿಯ ಮೇಲೂ ಇರಬೇಕು. ಅದಾಗುವ ತನಕ ದಂಡೆಯ ಯಾವ ಹೊಸ ಕಾಮಗಾರಿಗೂ ಟೆಂಡರ್ ಕರೆಯಬಾರದು.