‘ಬ್ಯಾಲೆನ್ಸ್ ಮಾಡ್ಕೋ’ ಅನ್ನೋ ಉಪದೇಶ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪುಕ್ಕಟೆ ಸಿಗೋದು ಒಂದೇ ಒಂದು, ಉಪದೇಶ. ಅದರಲ್ಲೂ ಈಚೆಗೆ ಹೆಚ್ಚು ಚಲಾವಣೆಯಲ್ಲಿರುವುದು ‘ಬ್ಯಾಲೆನ್ಸ್ ಮಾಡ್ಕೋ’ ಅನ್ನೋದು. ಮುಖ್ಯ ವಿಷಯ ಕಂಪ್ಯೂಟರ್ ಸೈನ್ಸ್. ಅದರ ಜೊತೆಗೆ ಮೈನರ್ ಅಂತ ಹ್ಯೂಮನ್-ಕಂಪ್ಯೂಟರ್ ಇಂಟರ್‌ಆ್ಯಕ್ಷನ್, ಹುಡುಗರ ಬಾಯಲ್ಲಿ ಎಚ್‌ಸಿಐ. ‘ಎರಡನ್ನೂ ಹೇಗೆ ಓದಲಿ ಸರ್?’ ಅಂತ ಮೂರನೇ ವರ್ಷದ ಹುಡುಗಿ ಕೇಳಿದರೆ ಸ್ಟಾಫ್ ರೂಮಿನ ನಾಲ್ಕೂ ಮೂಲೆಯಿಂದ ಒಂದೇ ಉತ್ತರ. ಟೈಂಟೇಬಲ್ ಹಾಕ್ಕೋ, ಬೆಳಿಗ್ಗೆ ಬೇಗ ಏಳು, ಬ್ಯಾಲೆನ್ಸ್ ಮಾಡ್ಕೋ. ಅದೇ ಸ್ಟಾಫ್ ರೂಮಿನಲ್ಲಿ ಕೂರುವ ಮೇಷ್ಟ್ರಾಗಿ ಹೇಳ್ತೇನೆ, ಈ ಉಪದೇಶ ನಾವು ಜವಾಬ್ದಾರಿಯಿಂದ ನುಣುಚಿಕೊಳ್ಳೋ ದಾರಿ, ಅಷ್ಟೆ.

ಲೆಕ್ಕ ಹಾಕಿ ನೋಡಿ. ಎಐಸಿಟಿಇಯ 2018ರ ಮಾದರಿ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಪದವಿಗೆ 160 ಕ್ರೆಡಿಟ್. ಮೈನರ್ ಬೇಕು ಅಂದರೆ ಅದರ ಮೇಲೆ ಇನ್ನೂ 18ರಿಂದ 20. ‘ಅದರ ಮೇಲೆ’ ಅನ್ನೋದನ್ನ ಗಮನಿಸಿ. ಯಾವುದರ ಬದಲಿಗೂ ಅಲ್ಲ, ಇದ್ದದ್ದೆಲ್ಲ ಹಾಗೇ ಇದ್ದು ಅದರ ಮೇಲೆ. ವಾರಕ್ಕೊಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್. ನಾಲ್ಕು ಸೆಮಿಸ್ಟರಿಗೆ ಹಂಚಿದರೂ ವಾರಕ್ಕೆ ನಾಲ್ಕೂವರೆ-ಐದು ಗಂಟೆ ಹೆಚ್ಚುವರಿ ತರಗತಿ ಆಯ್ತು. ಓದು, ಅಸೈನ್‌ಮೆಂಟು ಬೇರೆ. ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ಸುರಿದು, ಚೆಲ್ಲದ ಹಾಗೆ ನಡಿ ಅಂತೀವಿ. ಚೆಲ್ಲಿದರೆ ನಿನಗೆ ಶಿಸ್ತಿಲ್ಲ ಅಂತೀವಿ!

ಸರಿ, ಕಷ್ಟಪಟ್ಟು ಓದಲಿ ಬಿಡಿ ಅನ್ನೋಣ. ಆದರೆ ಈ ವಿಷಯ ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ರೂಮಿನಲ್ಲಿ ಕೂತು ಕಲಿಯುವಂಥದ್ದೇ ಅಲ್ಲ. ಎಚ್‌ಸಿಐ ಅಂದರೆ ಪರದೆಗೆ ಚೆಂದದ ಬಣ್ಣ ಬಳಿಯೋದು ಅಂತ ಬಹಳ ಜನ ತಿಳಿದಿದ್ದಾರೆ, ನಮ್ಮ ಸಹೋದ್ಯೋಗಿಗಳೂ ಸೇರಿ. ಈ ವಿಷಯದ ಅರ್ಧ ಬೇರು ಇರೋದು ಮನಶ್ಶಾಸ್ತ್ರದಲ್ಲಿ. ಮನುಷ್ಯ ಒಂದು ಗುರಿಯತ್ತ ಕೈ ಚಾಚಲು ಎಷ್ಟು ಹೊತ್ತು ತಗೋತಾನೆ ಅಂತ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಸೂತ್ರ ಬರೆದ. ಇವತ್ತು ನಿಮ್ಮ ಮೊಬೈಲಿನ ಬಟನ್ ಎಷ್ಟು ದೊಡ್ಡದಿರಬೇಕು ಅನ್ನೋದಕ್ಕೂ ಅದೇ ಸೂತ್ರ ಬೇಕು. ಒಂದು ಆ್ಯಪ್ ಎಲ್ಲಿ ಎಡವಿಸುತ್ತೆ ಅಂತ ತಿಳಿಯಲು ಐದು ಜನರನ್ನು ಕೂರಿಸಿ, ಬಾಯಿ ಮುಚ್ಕೊಂಡು ನೋಡಿದರೆ ದೊಡ್ಡ ತೊಡಕುಗಳಲ್ಲಿ ಬಹುಪಾಲು ಸಿಕ್ಕಿಬಿಡುತ್ತವೆ ಅಂತ ಜೇಕಬ್ ನೀಲ್ಸನ್ ಹೇಳಿ ಇಪ್ಪತ್ತು ವರ್ಷದ ಮೇಲಾಯ್ತು. ಐದೇ ಜನ! ಲ್ಯಾಬ್ ಬೇಡ, ಕೋಟಿಗಟ್ಟಲೆ ದುಡ್ಡು ಬೇಡ. ಬೇಕಾಗಿರೋದು ಒಂದು ಖಾಲಿ ಮಧ್ಯಾಹ್ನ.

ಆ ಮಧ್ಯಾಹ್ನವೇ ಇಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಜನ ಯಂತ್ರದ ಜೊತೆ ಹೆಣಗೋದನ್ನ ನೋಡಬೇಕು ಅಂದರೆ ಅವು ತೆರೆದಿರುವ ಹೊತ್ತಿಗೇ ಹೋಗಬೇಕು. ಅದೇ ಹೊತ್ತಿಗೆ ನಮ್ಮಲ್ಲಿ ಲ್ಯಾಬ್ ಇರುತ್ತೆ, ಶೇ. 85ರ ಹಾಜರಾತಿ ಕತ್ತಿ ತಲೆ ಮೇಲೆ ತೂಗ್ತಾ ಇರುತ್ತೆ. ಹಾಗಾಗಿ ಏನಾಗುತ್ತೆ? ಮಕ್ಕಳು ವಿಡಿಯೊ ಪಾಠ ಕೇಳ್ತಾರೆ, ನಾಲ್ಕರಲ್ಲಿ ಒಂದಕ್ಕೆ ಟಿಕ್ ಹಾಕ್ತಾರೆ, ಸರ್ಟಿಫಿಕೇಟ್ ತಗೋತಾರೆ. ದಡದಲ್ಲಿ ಕೂತು ಈಜು ಪರೀಕ್ಷೆ ಪಾಸು ಮಾಡಿದ ಹಾಗೆ. ಇಂಥದ್ದನ್ನ ‘ಚೆನ್ನಾಗಿ ಬ್ಯಾಲೆನ್ಸ್ ಮಾಡಿದ್ದಾಳೆ’ ಅಂತ ನಾವು ಬೆನ್ನು ತಟ್ಟೋದು!

ನನ್ನ ದೊಡ್ಡ ತಕರಾರು ಆ ‘ಬ್ಯಾಲೆನ್ಸ್’ ಎಂಬ ಪದದ ಮೇಲೇ ಇದೆ. ತಕ್ಕಡಿಯ ಈ ತಟ್ಟೆಯಲ್ಲಿ ಕೋಡಿಂಗ್, ಆ ತಟ್ಟೆಯಲ್ಲಿ ಮನುಷ್ಯ, ಒಂದು ಏರಿದರೆ ಇನ್ನೊಂದು ಇಳಿಯುತ್ತೆ ಅಂತ ಅದು ಹೇಳುತ್ತೆ. ಅದೇ ಸುಳ್ಳು. ಥೆರಾಕ್-25 ಕಥೆ ನೋಡಿ. ಕ್ಯಾನ್ಸರ್‌ಗೆ ವಿಕಿರಣ ಕೊಡುವ, ಕಂಪ್ಯೂಟರ್ ನಡೆಸುವ ಯಂತ್ರ ಅದು. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳಿಗೆ ಅದು ಮಿತಿಮೀರಿದ ವಿಕಿರಣ ಸುರಿಯಿತು. ಅವರಲ್ಲಿ ಕೆಲವರು ಸತ್ತೇಹೋದರು. ಟೆಕ್ಸಸ್‌ನ ಒಂದು ಪ್ರಕರಣದಲ್ಲಿ ಯಂತ್ರ ನಡೆಸುವವರು ಎಲೆಕ್ಟ್ರಾನ್ ಬದಲು ಎಕ್ಸ್-ರೇ ಅಂತ ಒತ್ತಿ, ಕೂಡಲೇ ತಿದ್ದಿಕೊಂಡರು. ಅವರು ತಿದ್ದಿದ ವೇಗಕ್ಕೆ ಒಳಗಿನ ಪ್ರೋಗ್ರಾಂ ತಾಳ ತಪ್ಪಿತು. ಪರದೆ ಮೇಲೆ ಬಂದದ್ದು ‘ಮಾಲ್‌ಫಂಕ್ಷನ್ 54’ ಅಂತ ಮಾತ್ರ. ಹಾಗಂದರೆ ಏನು ಅಂತ ಯಾರಿಗೂ ತಿಳಿಯುವಂತಿರಲಿಲ್ಲ. ಆ ಯಂತ್ರ ದಿನಾ ಇಂಥದ್ದೇ ಏನಾದರೂ ಗೊಣಗೋದು, ‘ಮುಂದುವರಿಸು’ ಅಂತ ಒಂದು ಕೀ ಒತ್ತಿದರೆ ಸುಮ್ಮನಾಗೋದು. ಅವತ್ತೂ ಒತ್ತಿದರು. ರೋಗಿಗೆ ಮತ್ತೊಮ್ಮೆ ಹೊಡೆಯಿತು.

ಈಗ ಹೇಳಿ, ಇದು ಮೇಜರ್‌ನ ತಪ್ಪೋ, ಮೈನರ್‌ನ ತಪ್ಪೋ? ಪ್ರೋಗ್ರಾಂನ ದೋಷ ಕಂಪ್ಯೂಟರ್ ಸೈನ್ಸ್‌ನದ್ದು, ಅರ್ಥವಿಲ್ಲದ ಸಂದೇಶ ಎಚ್‌ಸಿಐದು ಅಂತ ಪಾಲು ಮಾಡ್ತೀರಾ? ರೋಗಿ ಪ್ರಾಣ ಬಿಟ್ಟಿದ್ದು ಆ ಎರಡರ ಸಂದಿಯಲ್ಲಿ. ಆ ಸಂದಿಯಲ್ಲಿ ನಿಂತು ನೋಡಬಲ್ಲವರನ್ನು ತಯಾರು ಮಾಡೋದೇ ಎರಡನೇ ವಿಷಯದ ಉದ್ದೇಶ.

ಸಂದಿಯಲ್ಲಿ ಸರಿಯಾಗಿ ನಿಂತರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರದ ರೂಪ ಬಿಡಿಸಿದವರಲ್ಲಿ ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಅಧ್ಯಾಪಕರಿದ್ದರು. ಅದರ ಸುತ್ತಲಿನ ರಾಜಕೀಯ ಜಗಳ ಬೇರೆ, ಅದನ್ನ ಪಕ್ಕಕ್ಕಿಡೋಣ. ಚಿಹ್ನೆಯ ಪಕ್ಕ ನೀಲಿ ಗುಂಡಿ, ಒತ್ತಿದರೆ ಕೆಂಪು ದೀಪ, ಆಮೇಲೊಂದು ಬೀಪ್. ಅಕ್ಷರ ಬಾರದ ಅಜ್ಜಿಯೂ ಯಾರನ್ನೂ ಕೇಳದೆ ಗುಟ್ಟಾಗಿ ಮತ ಹಾಕಿ ಬರ್ತಾಳೆ. ಅದೇ ಅಜ್ಜಿ ಒಂದು ಆನ್‌ಲೈನ್ ಅರ್ಜಿ ತುಂಬಬೇಕಾದರೆ? ‘ಸರ್‌ನೇಮ್ ಕಡ್ಡಾಯ’ ಅಂತ ಕೆಂಪಕ್ಷರ ಬರುತ್ತೆ. ಹಳೇ ಮೈಸೂರು ಕಡೆ ಎಷ್ಟೋ ಜನರಿಗೆ ಸರ್‌ನೇಮೇ ಇಲ್ಲ, ಇನಿಶಿಯಲ್ ಅಷ್ಟೇ. ಕೊನೆಗೆ ಅಪ್ಪನ ಹೆಸರೋ ಊರ ಹೆಸರೋ ತುರುಕ್ತಾರೆ, ಆಮೇಲೆ ಆ ಹೆಸರು ಆಧಾರ್ ಜೊತೆ ಹೊಂದೋದಿಲ್ಲ, ಸೈಬರ್ ಸೆಂಟರಿನವನಿಗೆ ದುಡ್ಡು ಕೊಟ್ಟು ಮತ್ತೆ ಅರ್ಜಿ. ಆ ಫಾರಂ ಮಾಡಿದವರು ನಮ್ಮಂಥ ಕಾಲೇಜಲ್ಲೇ ಓದಿರ್ತಾರೆ. ಕೋಡ್ ಚೆನ್ನಾಗೇ ಬರೆದಿರ್ತಾರೆ. ಹಾಸನದ ಒಬ್ಬ ರೈತನ ಪಕ್ಕ ಅರ್ಧ ಗಂಟೆ ಕೂತಿರೋದಿಲ್ಲ ಅಷ್ಟೆ.

‘ಎರಡು ದೋಣಿಯಲ್ಲಿ ಕಾಲಿಟ್ಟರೆ ಕೋರ್ ವಿಷಯ ದುರ್ಬಲ ಆಗೋದಿಲ್ವಾ? ಪ್ಲೇಸ್‌ಮೆಂಟ್ ಗತಿ?’ ಅಂತಾರೆ. ನ್ಯಾಯವಾದ ಭಯವೇ. ಮಗಳ ಫೀಸಿಗೆ ಸಾಲ ಮಾಡಿದ ಅಪ್ಪನ ಮುಂದೆ ನಾನು ಆದರ್ಶ ಮಾತಾಡೋದಿಲ್ಲ. ಆದರೆ ಕೋರ್ ದುರ್ಬಲ ಆಗೋದು ಎರಡನೇ ವಿಷಯದಿಂದಲ್ಲ, ಎರಡನ್ನೂ ಬೇರೆ ಬೇರೆ ಗೋಣಿಚೀಲದಲ್ಲಿ ಕಟ್ಟಿ ಅದೇ ಹೆಗಲಿಗೆ ಹೇರೋದರಿಂದ. ಹೊರುವವರಿಗೆ ಉಪದೇಶ ಮಾಡೋ ಬದಲು ಹೊರೆ ಕಟ್ಟುವವರು ಸ್ವಲ್ಪ ಕೆಲಸ ಮಾಡಲಿ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಮೈನರ್‌ನ ಅರ್ಧದಷ್ಟಾದರೂ ಕ್ರೆಡಿಟ್ಟು ಐಚ್ಛಿಕ ವಿಷಯಗಳ ಬದಲಿಗೆ ಲೆಕ್ಕಕ್ಕೆ ಬರಲಿ, ಅವುಗಳ ಮೇಲೆ ಬೇಡ. ಕೊನೇ ವರ್ಷದ ಪ್ರಾಜೆಕ್ಟ್ ಎರಡಕ್ಕೂ ಸೇರಿ ಒಂದೇ ಇರಲಿ. ಕೋಡ್‌ಗೂ ಅಂಕ ಇರಲಿ, ಅದನ್ನ ಬಳಸಿದ ಐದು ಜನ ಎಲ್ಲಿ ಎಡವಿದರು ಅನ್ನೋ ವರದಿಗೂ ಇರಲಿ. ವಾರಕ್ಕೊಂದು ಮಧ್ಯಾಹ್ನ ಕಾಲೇಜಿನ ಗೇಟು ತೆಗೀರಿ, ಹೊರಗೆ ಹೋಗಿ ನೋಡಿಬಂದ ಹೊತ್ತನ್ನೂ ಹಾಜರಿ ಅಂತಲೇ ಬರ್ಕೊಳ್ಳಿ.

ಇಷ್ಟನ್ನೂ ಮಾಡಲಾಗದಿದ್ದರೆ ಬ್ರೋಷರ್‌ನಿಂದ ಆ ಮೈನರನ್ನು ತೆಗೆದುಬಿಡಿ. ವಿದ್ಯಾರ್ಥಿಗಳಿಗೂ ಒಂದು ಮಾತು. ರೆಸ್ಯೂಮೆಯಲ್ಲಿ ಒಂದು ಸಾಲು ಹೆಚ್ಚಲಿ ಅಂತ ಇದನ್ನ ತಗೋಬೇಡಿ, ಅದಕ್ಕೆ ಇಷ್ಟು ನಿದ್ದೆಗೆಡಬೇಕಾಗಿಲ್ಲ. ನಿಜವಾಗಿ ಬೇಕು ಅನ್ನಿಸಿದರೆ ತಗೊಳ್ಳಿ. ಆದರೆ ‘ಬ್ಯಾಲೆನ್ಸ್ ಮಾಡ್ಕೋ’ ಅಂತ ಯಾರಾದರೂ ಅಂದರೆ ತಲೆ ತಗ್ಗಿಸಿ ಬರಬೇಡಿ. ‘ಯಾವುದನ್ನ ಕಡಿಮೆ ಮಾಡ್ತೀರಿ ಸರ್?’ ಅಂತ ಕೇಳಿ. ನನ್ನನ್ನೂ ಕೇಳಿ.