ಅಡ್ಡಹೆಸರಿಲ್ಲದವರು ಏನು ಮಾಡಬೇಕು?

ಐಫೋನ್ ಯಾವಾಗ ಬಂತು ಎಂದು ಕೇಳಿದರೆ ನಮ್ಮ ಇಂಜಿನಿಯರಿಂಗ್ ಹುಡುಗರು ತಡವರಿಸದೆ 2007 ಎನ್ನುತ್ತಾರೆ. ಸಿಂಪ್ಯೂಟರ್ ಗೊತ್ತೇ ಎಂದು ಕೇಳಿ ನೋಡಿ. ಹಡಪಸರದ ಐಟಿ ಪಾರ್ಕಿಗೆ ಸಂದರ್ಶನಕ್ಕೆ ಬರುವ ಹೊಸಬರನ್ನು ನಾನು ಆಗಾಗ ಕೇಳುತ್ತೇನೆ. ಬೆಂಗಳೂರಿನಲ್ಲೇ ನಾಲ್ಕು ವರ್ಷ ಓದಿ ಬಂದವರೂ ಮುಖ ಮುಖ ನೋಡುತ್ತಾರೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೊಂದಿಗೆ ಸೇರಿ 2001ರಲ್ಲಿ ತೋರಿಸಿದ ಅಂಗೈ ಕಂಪ್ಯೂಟರ್ ಅದು. ಒಳಗೆ ಲಿನಕ್ಸ್, ಮೇಲೆ ಟಚ್ ಸ್ಕ್ರೀನ್. ಊರಿಗೆಲ್ಲ ಒಂದೇ ಯಂತ್ರವಿದ್ದರೂ ಸಾಕು, ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬಹುದು. ಅಕ್ಷರ ಬಾರದವರಿಗೆ ಕನ್ನಡ, ಹಿಂದಿ, ತಮಿಳಿನಲ್ಲಿ ಓದಿ ಹೇಳುತ್ತಿತ್ತು. 2004ರಲ್ಲಿ ಬಂದ ಅಮಿಡಾ ಮಾದರಿಯಲ್ಲಿ ಕೈಯ ಅಲುಗಾಟವನ್ನು ಗುರುತಿಸುವ ಸೆನ್ಸರ್ ಕೂಡ ಇತ್ತು. ಐಫೋನಿಗೆ ಮೂರು ವರ್ಷ ಮೊದಲು!

ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ಸೋತಿತು, ನಿಜ. ಆದರೆ ಯಾಕೆ ಸೋತಿತು? ಬೆಲೆಯೇ, ತಯಾರಿಕೆಯೇ, ಕೊಳ್ಳುವವರಿಲ್ಲದ್ದೇ, ಅಷ್ಟರಲ್ಲಿ ಅಗ್ಗವಾದ ಮೊಬೈಲೇ? ಒಂದು ಇಡೀ ಸೆಮಿಸ್ಟರ್ ಚರ್ಚಿಸಬಹುದಾದ ವಿಷಯ. ನಾವು ಮಾತ್ರ ಹುಡುಗರಿಂದ ‘ಆಪರೇಟಿಂಗ್ ಸಿಸ್ಟಮ್‌ನ ಕಾರ್ಯಗಳನ್ನು ವಿವರಿಸಿ, ಹತ್ತು ಅಂಕ’ ಎಂಬುದಕ್ಕೆ ಉತ್ತರ ಬರೆಸುತ್ತಿದ್ದೇವೆ. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿ ಆ ಉತ್ತರವನ್ನು ಅರೆಗಳಿಗೆಯಲ್ಲಿ ಬರೆದು ಕೊಡುತ್ತದೆ. ಇನ್ನು ಆ ಹತ್ತು ಅಂಕ ಯಾವುದಕ್ಕೆ?

ಸಂದರ್ಶನದಲ್ಲಿ ನಾನು ಕೊಡುವ ಇನ್ನೊಂದು ಕೆಲಸ ತೀರಾ ಸರಳ: ಒಂದು ಆ್ಯಪ್‌ಗೆ ಹೆಸರು ತುಂಬುವ ಫಾರ್ಮ್ ಮಾಡಿ. ಹುಡುಗರು ಬುದ್ಧಿವಂತರೇ. ಅಂಕಿ ಹಾಕಿದರೆ, ಖಾಲಿ ಬಿಟ್ಟರೆ, ಉದ್ದವಾದರೆ ಏನಾಗಬೇಕು ಎಂದು ಪಟಪಟ ಹೇಳುತ್ತಾರೆ. ‘ಸರ್, ಅಡ್ಡಹೆಸರೇ ಇಲ್ಲದವರು ಏನು ಮಾಡಬೇಕು?’ ಎಂದು ಕೇಳುವವರು ಅಪರೂಪ. ಮಹಾರಾಷ್ಟ್ರದ ಪ್ರತಿ ಫಾರ್ಮಿನಲ್ಲೂ ‘ಆಡನಾವ್’ ಕಾಲಮ್ಮಿಗೆ ಏನು ಬರೆಯುವುದೆಂದು ಪರದಾಡುವ, ಬರೀ ಇನಿಷಿಯಲ್ ಹೊತ್ತು ಬಂದ ನಮ್ಮ ಹುಡುಗರೂ ಕೇಳುವುದಿಲ್ಲ. ತಮ್ಮದೇ ಕಷ್ಟ ತಮ್ಮ ಓದಿಗೆ ಸಂಬಂಧಿಸಿದ್ದು ಎಂದು ಅವರಿಗೆ ಯಾರೂ ಕಲಿಸಿಲ್ಲ.

‘ನಮ್ಮ ಕಂಪನಿಗಳಿಗೆ ಹೇಳಿದ್ದು ಮಾಡುವವರು ಸಾಕು, ಮೊದಲು ಕೆಲಸ ಸಿಗಲಿ’ ಎನ್ನುತ್ತೀರಿ. ಸಾಲ ಮಾಡಿ ಓದಿಸಿದ ತಂದೆತಾಯಿಯರ ಆ ಮಾತನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಹೇಳಿದ್ದನ್ನು ಮಾಡುವ ಕೆಲಸವನ್ನೇ ಈಗ ಯಂತ್ರ ಕಲಿಯುತ್ತಿದೆ. ಉಳಿಯುವುದು, ಏನು ಮಾಡಬೇಕು ಮತ್ತು ಯಾರಿಗಾಗಿ ಎಂದು ಕೇಳುವ ಕೆಲಸ.

ಹಾಗಾಗಿ ಕಾಲೇಜುಗಳು ಪ್ರತಿ ವರ್ಷ ಪ್ರಶ್ನೆಯೇ ಕೊಡದ ಒಂದು ಪತ್ರಿಕೆ ಇಡಲಿ. ವಿದ್ಯಾರ್ಥಿ ಬಸ್ ನಿಲ್ದಾಣಕ್ಕೋ ಸಂತೆಗೋ ಹೋಗಿ ಪ್ರಶ್ನೆ ಹುಡುಕಿ ತರಲಿ, ಅಂಕ ಆ ಪ್ರಶ್ನೆಗೆ ಇರಲಿ. ಸೋತ ಒಂದು ಉತ್ಪನ್ನವನ್ನು ಬಿಚ್ಚಿ ನೋಡುವುದು ಕಡ್ಡಾಯವಾಗಲಿ.

ಪಠ್ಯಕ್ರಮ ಬದಲಾಗುವವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ಮಗರಪಟ್ಟಾದ ಅಪಾರ್ಟ್‌ಮೆಂಟುಗಳಲ್ಲಿ ಎಂಟು ವರ್ಷದ ಮಕ್ಕಳನ್ನು ಕೋಡಿಂಗ್ ಕ್ಲಾಸಿಗೆ ಅಟ್ಟುವ ಮೊದಲು ಅವರಿಗೊಂದು ಕೆಲಸ ಕೊಡಿ: ಊರಲ್ಲಿರುವ ಅಜ್ಜಿಗೆ ಫೋನ್ ಮಾಡಿ, ಆ ಫೋನಿನಲ್ಲಿ ಅವರಿಗೆ ಯಾವುದು ಕಷ್ಟ ಎಂದು ಕನ್ನಡದಲ್ಲಿ ಕೇಳಿ, ಬರೆದುಕೊಂಡು ಬರಲಿ.